ಡಾಕ್ಟರಮ್ಮ ಗೆಳೆತನ ಸಂಪಾದಿಸಿದ ಬಗೆ

"ಒಂದೇ ವಾರ ಅಕ್ಕಾ! ಇಲ್ಲಿರೋ ಇಂಟರ್ನ್‌ಗಳನ್ನೆಲ್ಲ ಜೇಬಿಗೆ ಹಾಕ್ಕೊಳ್ಳದಿದ್ರೆ ನನ್ನ ಹೆಸರೇ ಬದಲಾಯಿಸು!"

ಪರದೇಶದ ಹಲ್ಲಿನ ಆಸ್ಪತ್ರೆಗೆ ತರಬೇತಿಗೆಂದು ಹೋದ ನಮ್ಮ ಡಾಕ್ಟರಮ್ಮ ಫೋನಿನಲ್ಲಿ ಅಕ್ಕನೆದುರು ಹೀಗೆ ಶಪಥ ಮಾಡಿದಳು. ಗೆಳೆತನವೆಂದರೆ ಆಕೆಯ ಪ್ರಕಾರ ತಾನು ಹೇಳುವುದು, ಉಳಿದವರು ಕೇಳುವುದು. ಜೊತೆಗಿದ್ದ ಉದ್ದ ಜಡೆಯವಳಿಗೆ ಹಲ್ಲುಜ್ಜುವುದು ಹೇಗೆಂದು ಉಪನ್ಯಾಸ ಬಿಗಿದಳು. ಆ ಹುಡುಗಿಯೂ ಹಲ್ಲಿನ ಡಾಕ್ಟರೇ ಕಣ್ರೀ! ಇನ್ನೊಬ್ಬ ಇಂಟರ್ನ್, ಕನ್ನಡಕದವನು, "ನಮ್ಮಮ್ಮನಿಗೆ ಹುಷಾರಿಲ್ಲ" ಅಂದದ್ದೇ ತಡ, ತನ್ನಮ್ಮನ ಮಂಡಿನೋವಿನ ಪುರಾಣ ಬಿಚ್ಚಿದಳು. ವಾರ ಕಳೆಯುವಷ್ಟರಲ್ಲಿ ಇವಳು ಊಟದ ಕೋಣೆಗೆ ಕಾಲಿಟ್ಟರೆ ಉಳಿದವರಿಗೆ ಹೊಟ್ಟೆ ತುಂಬಿಬಿಡುತ್ತಿತ್ತು! ಮಹಾತಾಯಿ ಮೆಟ್ಟಿಲ ಮೇಲೆ ಒಬ್ಬಳೇ ಕೂತು, ಕಣ್ಣೊರೆಸಿಕೊಂಡು ಬ್ರೆಡ್ಡು ಕಡಿಯುತ್ತಿದ್ದಳು. ಅಕ್ಕನಿಗೆ ಮಾತ್ರ "ಎಲ್ಲರೂ ನನ್ನ ಮೇಲೆ ಪ್ರಾಣಾನೇ ಇಟ್ಕೊಂಡಿದಾರೆ!" ಎಂಬ ವರದಿ ಹೋಗುತ್ತಿತ್ತು.

ಅಷ್ಟರಲ್ಲಿ ದೊಡ್ಡ ಡಾಕ್ಟರ ಅಪ್ಪಣೆಯಾಯಿತು. "ಇಬ್ಬಿಬ್ಬರು ಸೇರಿ, ಒಬ್ಬರ ಹಲ್ಲಿನ ಅಚ್ಚು ಇನ್ನೊಬ್ಬರು ತೆಗೆದು ತೋರಿಸಿ."

ಎಲ್ಲರೂ ಜೋಡಿಯಾದರು. ನಮ್ಮವಳಿಗೆ ಬಾಯಿ ಕೊಡುವ ಧೀರರು ಯಾರು?

"ಯಾರ ಹಂಗೂ ಬೇಡ. ನನ್ನ ಬಾಯೇ ಇದೆಯಲ್ಲ!" ಎಂದು ಮೂಗು ಮುರಿದಳು.

ಎಂಥಾ ಬಾಯಿ! ಅದರ ಘನತೆಗೆ ತಕ್ಕಂತೆ ಎಲ್ಲಕ್ಕಿಂತ ದೊಡ್ಡ ಅಚ್ಚಿನ ತಟ್ಟೆ ಆರಿಸಿ, ಅದಕ್ಕೆ ಹಲ್ಲಿನ ಅಚ್ಚು ಹಿಡಿಯುವ ಪೇಸ್ಟನ್ನು ಧಾರಾಳವಾಗಿ ಮೆತ್ತಿ, ಕನ್ನಡಿ ಮುಂದೆ ನಿಂತು ಮೇಲಿನ ಹಲ್ಲಿಗೆ ಒತ್ತಿದಳು. ಪೇಸ್ಟು ಗಟ್ಟಿಯಾಯಿತು. ಎಳೆದಳು. ಜಗ್ಗಿದಳು. ಜಪ್ಪಯ್ಯ ಅಂದರೂ ಬರಲಿಲ್ಲ! ಬೆವರು ಕಿತ್ತು ಬಂತು. ಊಟದ ಕೋಣೆಗೆ ಓಡಿದಳು.

"ಊಂ! ಊಂ! ಊಂ!"

"ಏನಂತೆ ಇವಳದ್ದು?" ಎಂದ ಕನ್ನಡಕದವನು.

"ಗೊತ್ತಿಲ್ಲಪ್ಪ. ಆದ್ರೆ ಇಷ್ಟು ಚುಟುಕಾಗಿ ಹೇಳಿದ್ದು ಇದೇ ಮೊದಲು!" ಎಂದಳು ಜಡೆಯವಳು.

ಎದ್ದು ಬಂದು ಬಾಯಿ ನೋಡಿದವರು ಗಾಬರಿಯಾಗಿ ದೊಡ್ಡ ಡಾಕ್ಟರಿಗೆ ಸುದ್ದಿ ಮುಟ್ಟಿಸಿದರು. ಅವರು ಹಲ್ಲು ಕೀಳುವುದರಲ್ಲಿದ್ದರು. "ನಾನು ಬರೋವರೆಗೂ ಯಾರೂ ಮುಟ್ಟಬೇಡಿ" ಎಂದು ಹೇಳಿಕಳಿಸಿದರು.

ಇನ್ನೇನು ಮಾಡುತ್ತಾಳೆ? ಜಡೆಯವಳೂ ಕನ್ನಡಕದವನೂ ತಮ್ಮಿಬ್ಬರ ನಡುವೆ ಕುರ್ಚಿ ಹಾಕಿ ಕೂರಿಸಿದರು. ಕನ್ನಡಕದವನು ಅಮ್ಮನ ಆಪರೇಷನ್ ವಿಷಯ ಹೇಳಿದ. ಇವಳು "ಊಂ" ಎಂದಳು. ಅವನು ಪೂರ್ತಿ ಹೇಳಿ ಮುಗಿಸಿದ! ಜಡೆಯವಳು ತನಗೆ ಮನೆ ನೆನಪಾಗಿ ನಿದ್ದೆ ಬರುವುದಿಲ್ಲ ಅಂದಳು. ಇವಳ ಕಣ್ಣು ತುಂಬಿತು. ಜೊಲ್ಲೂ ಸುರಿಯಿತು. ಜಡೆಯವಳು ಬೇಸರಿಸದೆ ಒರೆಸಿದಳು.

ಕೊನೆಗೂ ದೊಡ್ಡ ಡಾಕ್ಟರು ಬಂದು, ಕೆನ್ನೆಯೊಳಗೆ ಬೆರಳು ತೂರಿಸಿ ತಟ್ಟೆಯ ಅಂಚಿನೊಳಗೆ ಗಾಳಿ ಹೋಗುವಂತೆ ಮಾಡಿದರು. ಪಟಕ್! ತಟ್ಟೆ ಕೈಗೆ ಬಂತು.

ದವಡೆ ನೀವಿಕೊಳ್ಳುತ್ತಿದ್ದವಳ ಹೆಗಲ ಮೇಲೆ ಜಡೆಯವಳು ಕೈಯಿಟ್ಟಳು. "ಎಷ್ಟು ಒಳ್ಳೆಯವಳು ಕಣೇ ನೀನು! ನಮಗೆ ಗೊತ್ತೇ ಇರಲಿಲ್ಲ. ನಾಳೆಯಿಂದ ದಿನಾ ನಮ್ಮ ಜೊತೆಗೇ ಊಟ, ಆಯ್ತಾ?"

ಡಾಕ್ಟರಮ್ಮನಿಗೆ ಸ್ವರ್ಗ ಮೂರೇ ಗೇಣು! ಖುಷಿಗೆ ಬಾಯಿ ತೆರೆದು, "ಅಯ್ಯೋ, ನಾನು ಚಿಕ್ಕವಳಿದ್ದಾಗಿಂದ್ಲೂ ಹೀಗೇನೇ, ಒಂದ್ಸಲ ಏನಾಯ್ತು ಅಂದ್ರೆ..." ಎಂದು ಶುರು ಮಾಡಿದಳು.

ಕನ್ನಡಕದವನು ತಟ್ಟೆಯನ್ನು ನಲ್ಲಿಯಡಿ ಚೆನ್ನಾಗಿ ತೊಳೆದು, ಒರೆಸಿ, ಭಕ್ತಿಯಿಂದ ಅವಳ ಕೈಗಿಟ್ಟ.

"ನಾಳೆ ಬರುವಾಗ ಇದನ್ನ ಹಾಕ್ಕೊಂಡೇ ಬಂದ್ಬಿಡು!"