ಗೋದಾಮಿನಲ್ಲಿ ಉಪ್ಪು ಕುಡಿದ ಪ್ರಕರಣ

ಬನಹಟ್ಟಿಯ ಕೈಮಗ್ಗ ನೇಕಾರರ ಸಂಘವೊಂದರ ಗೋದಾಮಿನಲ್ಲಿ ಹೋದ ಮಳೆಗಾಲ ಉಪ್ಪು ಕುಡಿದಿತ್ತು. ಈ ಸಂಗತಿ ಈಗ ಸಹಿ, ಶಿಕ್ಕಾ ಸಮೇತ ಕಾಗದಕ್ಕೆ ಏರಿರುವುದರಿಂದ ಯಾರೂ ನಗುವಂತಿಲ್ಲ. ನಗುವವರು ಕಾರಣವನ್ನು ಲಿಖಿತವಾಗಿ ಕೊಟ್ಟು ನಗತಕ್ಕದ್ದು.

ಆದದ್ದಿಷ್ಟು. ಮಳೆ ಹಿಡಿಯಿತು, ಗೋದಾಮಿನ ಗೋಡೆ ಬೆವರಿದವು, ಒಟ್ಟಿದ್ದ ಸೀರೆಗಳಿಗೆ ಬೂಷ್ಟು ಬಂತು. ಜಮಖಂಡಿಯ ಅಂಗಡಿಯವರು ಒಂದು ಗಂಟು ಸೀರೆ ವಾಪಸು ಕಳಿಸಿ, ‘ಗಿರಾಕಿ ಹೆಣ್ಮಕ್ಕಳು ಸೀರಿ ಮುಟ್ಟೂದು ಬಿಟ್ಟು ಮೂಗು ಮುಟ್ಟಿಕೊಳ್ಳಾಕತ್ತಾರ’ ಎಂದು ಹೇಳಿಕಳಿಸಿದರು. ಸಂಘದ ಕಾರ್ಯದರ್ಶಿ ಚನಮಲ್ಲಪ್ಪನವರು ಸಭೆ ಕರೆದು, ಇನ್ನು ಮುಂದೆ ರಸಾಯನಶಾಸ್ತ್ರದ ಸಹಾಯ ಪಡೆಯಲಾಗುವುದು ಎಂದು ಸಾರಿದರು. ರಸಾಯನಶಾಸ್ತ್ರ ಮಾರುವವನು ಸಾವಳಗಿಯಲ್ಲಿದ್ದ. ಅವನು ಚನಮಲ್ಲಪ್ಪನವರ ಹೆಂಡತಿಯ ತಮ್ಮನಾಗಿದ್ದದ್ದು ದೈವದ ಆಟ. ಅದರಲ್ಲಿ ಚನಮಲ್ಲಪ್ಪನವರ ಕೈವಾಡ ಏನಿಲ್ಲ, ಮಾವನವರದು ಇದ್ದರೆ ಇರಬಹುದು.

ಬಂದ ಉಪ್ಪಿನ ಹೆಸರು ಕ್ಯಾಲ್ಸಿಯಂ ಕ್ಲೋರೈಡ್. ಅಷ್ಟುದ್ದ ಹೆಸರು ಬಾಯಲ್ಲಿ ಹಿಡಿಸದೆ ನೂಲಿನ ಕಂಡಿಕೆ ಸುತ್ತುವ ಹೆಂಗಸರು ಅದಕ್ಕೆ ಕುಡುಕುಪ್ಪು ಅಂದರು. ನೋಡಲು ಬಿಳಿ ಚಕ್ಕೆ. ಸಾರಿಗೆ ಹಾಕುವಂಥದ್ದಲ್ಲ. ಗಾಳಿಯಲ್ಲಿರುವ ತೇವವನ್ನು ಎಳೆದೆಳೆದು ಕುಡಿಯುತ್ತದೆ. ಕುಡಿದು ಕುಡಿದು, ಕಡೆಗೆ ತಾನು ಕುಡಿದದ್ದರಲ್ಲೇ ತಾನೂ ಕರಗಿ ಹರಿದುಹೋಗುತ್ತದೆ. ನೀರು ಸುರಿದರೆ ಬಿಸಿಯಾಗುತ್ತದೆ. ಜೊತೆಗಿದ್ದ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ಚರ್ಮವನ್ನು ಮುರುಟಿಸುತ್ತದೆ. ಇಂಥ ಗುಣದ ಗಂಡಸರನ್ನು ಓಣಿಗೊಬ್ಬರಂತೆ ಕಂಡಿದ್ದ ಹೆಂಗಸರಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ.

ಉಪ್ಪಿನ ಜವಾಬ್ದಾರಿ ಗೋದಾಮು ನೋಡಿಕೊಳ್ಳುವ ಬಾಳೇಶನ ಮೇಲೆ ಬಿತ್ತು. ಬಾಳೇಶ ಚಹಾ ಬಿಟ್ಟು ಮತ್ತೇನೂ ಗಂಟಲಲ್ಲಿ ಇಳಿಸದ ಮನುಷ್ಯ. ಮೂವತ್ತು ದಾಟಿತ್ತು, ತಲೆಕೂದಲೂ ಹಣೆ ದಾಟಿ ಹಿಂದಕ್ಕೆ ಹೊರಟಿದ್ದವು. ಮನೆ ನೋಡಲು ಬಂದ ಹೆಣ್ಣಿನವರೆಲ್ಲ ಅವಲಕ್ಕಿ ತಿಂದು ಎದ್ದುಹೋಗಿದ್ದರು. ಅಂಥದ್ದರಲ್ಲಿ ಮುಧೋಳದ ಗೂಳಪ್ಪನವರು ಮಗಳು ವೈಶಾಲಿಯನ್ನು ಕೊಡಲು ಒಪ್ಪಿದ್ದರು. ಕಾರಣ ಒಂದೇ: ಹುಡುಗ ಕುಡಿಯುವುದಿಲ್ಲ. ಗೂಳಪ್ಪನವರ ದೊಡ್ಡ ಅಳಿಯ ಕುಡಿದು ಒಮ್ಮೆ ಮಾವನ ಮನೆ ಅಂತ ಪಶುವೈದ್ಯರ ಮನೆಗೆ ಹೋಗಿ ಮಲಗಿದ್ದ. ಅವರೂ ಚಿಕಿತ್ಸೆ ಕೊಟ್ಟೇ ಕಳಿಸಿದ್ದರು.

ಬಾಳೇಶನಿಗೆ ವೈಶಾಲಿ ಎಂದರೆ ಜೀವ. ನೋಡಲು ಹೋದ ದಿನ ಆಕೆ, “ನಿಮ್ಮ ಗೋದಾಮಿನ್ಯಾಗ ಇಲಿ ಅದಾವೇನ್ರಿ?” ಅಂತ ಕೇಳಿದ್ದಳು. ಈತ, “ಬಾಳ ಅದಾವ್ರಿ” ಅಂದಿದ್ದ. ಆಕೆ ನಕ್ಕಿದ್ದಳು. ಅಂದಿನಿಂದ ಬಾಳೇಶ ಇಲಿಗಳಿಗೆ ಬೋನು ಇಡುವುದನ್ನೂ ಬಿಟ್ಟಿದ್ದ.

ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ತೊಲೆಗೆ ತೂಗಿಬಿಟ್ಟು, ಕೆಳಗೆ ಬಕೆಟ್ಟು ಇಟ್ಟ. ಉಪ್ಪು ಹಗಲು ಕುಡಿಯಿತು, ರಾತ್ರಿ ಕುಡಿಯಿತು, ಹಬ್ಬಕ್ಕೂ ರಜೆ ಹಾಕದೆ ಕುಡಿಯಿತು. ಸಂಘದಲ್ಲಿ ಇಷ್ಟು ನಿಯತ್ತಿನಿಂದ ದುಡಿದವರು ಹಿಂದೆ ಯಾರೂ ಇರಲಿಲ್ಲ. ಬೂಷ್ಟು ನಿಂತಿತು, ವಾಸನೆ ಹೋಯಿತು, ಬಕೆಟ್ಟು ತುಂಬಿದವು. ಆ ನೀರು ಚೆಲ್ಲಿದಲ್ಲಿ ನೆಲ ಬೇಗ ಒಣಗುವುದಿಲ್ಲ, ಧೂಳು ಏಳುವುದಿಲ್ಲ ಎಂದು ಗೊತ್ತಾದ ಕೂಡಲೇ ಚನಮಲ್ಲಪ್ಪನವರು ಸಾರ್ವಜನಿಕ ಹಿತದೃಷ್ಟಿಯಿಂದ ಅದನ್ನು ತಮ್ಮ ಮನೆಯ ಮುಂದೆ ಹೊಡೆಸಿದರು.

ಆಗ ಜಮಖಂಡಿಯ ಸರಕಾರಿ ಕಚೇರಿಯಿಂದ ಲೆಕ್ಕ ತಪಾಸಣೆಗೆ ಪ್ರಭುಲಿಂಗ ಸಾಹೇಬರು ಬಂದರು.

“ನಲವತ್ತು ಚೀಲ ಉಪ್ಪು ಬಂದೈತಿ ಅಂತ ಬರದೀರಿ. ಎಲ್ಲೈತಿ?”

ಬಂದದ್ದು ನಾಲ್ಕು ಚೀಲ. ಬಾಳೇಶ ತಾನೇ ಹೊತ್ತು ತಂದಿದ್ದ. ನಾಲ್ಕರ ಪಕ್ಕದ ಸೊನ್ನೆಯನ್ನು ಯಾರು ಹೊತ್ತು ತಂದರೋ ತಿಳಿಯದೆ ಕಾರ್ಯದರ್ಶಿಗಳ ಮುಖ ನೋಡಿದ. ಅವರು ತೊಲೆ ನೋಡುತ್ತಿದ್ದರು.

“ಉಪ್ಪು ಕುಡದು ನೀರಾತ್ರಿ,” ಅಂದ ಬಾಳೇಶ.

“ಗೋದಾಮಿನ್ಯಾಗ ಕೂತು ಕುಡದೀಯಾ?”

“ನಾ ಅಲ್ರಿ ಸಾಹೇಬ್ರ. ಉಪ್ಪು ಕುಡದೈತ್ರಿ.”

“ಉಪ್ಪು ಹಚ್ಚಿಕೊಂಡು ಕುಡದೀಯಾ?”

“ಅಲ್ರಿ! ಕುಡದದ್ದು ಉಪ್ಪು!”

“ಕುಡದದ್ದಂತೂ ಖರೆ ಆತಲ್ಲ.” ಸಾಹೇಬರು ಬಕೆಟ್ಟಿಗೆ ಮೂಗು ಹಚ್ಚಿದರು. “ವಾಸನಿ ಇಲ್ಲ.”

“ತುಟ್ಟಿ ಮಾಲು ಇರಬೇಕ್ರಿ,” ಅಂದರು ಚನಮಲ್ಲಪ್ಪನವರು, ತೊಲೆಯಿಂದ ಕಣ್ಣು ಇಳಿಸದೆ.

ಸುದ್ದಿ ಬಸ್ಸು ಹತ್ತಿತು. ಬನಹಟ್ಟಿಯಲ್ಲಿ ಹತ್ತುವಾಗ ಅದರ ಪ್ರಕಾರ ಬಾಳೇಶ ಒಂದು ಲೋಟ ಕುಡಿದಿದ್ದ. ಮುಧೋಳದಲ್ಲಿ ಇಳಿಯುವಾಗ ಬಕೆಟ್ಟಿನಲ್ಲಿ ಮುಖ ಹಾಕಿ ಮಲಗಿದ್ದ. ಗೂಳಪ್ಪನವರು ಬಾಳೇಶನ ತಾಯಿ ಕಸ್ತೂರೆವ್ವನಿಗೆ ಫೋನು ಹಚ್ಚಿದರು.

“ಏನ್ರಿ ಬೀಗತಿ, ನಿಮ್ಮ ಮಗಾ ಬಕೆಟ್ ಗಟ್ಲೆ ಕುಡಿತಾನಂತ?”

“ಅಯ್ಯ, ಸುಡ್ಲಿ ಆ ಮಾತಾಡಿದವರ ನಾಲಿಗಿ! ನನ್ನ ಮಗಾ ಬಕೆಟ್ ತುಂಬಸತಾನ್ರಿ, ಕುಡಿಯೂದಿಲ್ಲ.”

“ಅಂದ್ರ ಮಾರತಾನೇನು?”

ಕಸ್ತೂರೆವ್ವ ಫೋನು ಇಟ್ಟು ಹಣೆ ಚಚ್ಚಿಕೊಂಡಳು. ಗೂಳಪ್ಪನವರ ತೀರ್ಮಾನ ಬಂತು: ಹುಡುಗ ಕುಡಿಯುವುದಿಲ್ಲ ಎಂದು ಸಂಘ ಶಿಕ್ಕಾ ಹೊಡೆದು ಬರೆದುಕೊಡಬೇಕು. ಇಲ್ಲವಾದರೆ ಬರುವ ಸೋಮವಾರ ಹುನ್ನೂರಿನ ಹುಡುಗ ನೋಡಲು ಬರುತ್ತಾನೆ, ಅವನಿಗೆ ಅವಲಕ್ಕಿ ನೆನೆಹಾಕುತ್ತಾರೆ.

ವಿಚಾರಣೆ ನಿಷ್ಪಕ್ಷಪಾತವಾಗಿರಲೆಂದು ಆರೋಪಿ ಉಪ್ಪನ್ನೂ ಕರೆಸಲಾಯಿತು. ಸಾವಳಗಿಯಿಂದ ಹೊಸ ಚಕ್ಕೆ ತಂದು ತಾಟಿನಲ್ಲಿ ಹಾಕಿ ಮೇಜಿನ ಮೇಲೆ ಕೂಡಿಸಿದರು. ಚನಮಲ್ಲಪ್ಪನವರು ಎದ್ದು ನಿಂತು ನೋಟೀಸು ಓದಿದರು: “ಸದರಿ ಉಪ್ಪಿಗೆ ತಿಳಿಯಪಡಿಸುವುದೇನೆಂದರೆ, ತಾವು ಕರ್ತವ್ಯದ ವೇಳೆಯಲ್ಲಿ ತೇವ ಸೇವಿಸಿ, ಸ್ವಂತ ಆಕಾರವನ್ನು ಕಳೆದುಕೊಂಡು, ಸಂಘದ ಬಕೆಟ್ಟಿನಲ್ಲಿ ಬಿದ್ದಿದ್ದು ಕಂಡುಬಂದಿರುತ್ತದೆ. ಈ ಬಗ್ಗೆ ತಮ್ಮ ಸಮಜಾಯಿಷಿ ಏನು?”

ಸಮಜಾಯಿಷಿಗೆ ಸಮಯ ಕೊಟ್ಟು ಎಲ್ಲರೂ ಊಟಕ್ಕೆ ಎದ್ದರು. ಹೊರಗೆ ಮಳೆ ಜಿಟಿಜಿಟಿ ಹಚ್ಚಿತ್ತು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಉಂಡು, ಒಂದು ನಿದ್ದೆ ತೆಗೆದು ತಿರುಗಿ ಬಂದು ನೋಡಿದರೆ ತಾಟು ಪಳಪಳ ಹೊಳೆಯುತ್ತಿತ್ತು. ಅಂಚಿನಿಂದ ಹನಿ ಹನಿಯಾಗಿ ಇಳಿದದ್ದು ಕೆಳಗೆ ಬಿಟ್ಟಿದ್ದ ಸಾಹೇಬರ ಚರ್ಮದ ಚಪ್ಪಲಿಯನ್ನು ತೋಯಿಸಿತ್ತು.

“ಏ, ವಿಚಾರಣಿ ನಡದಾಗ ಕುಡದೈತಲ್ಲೋ!” ಅಂದರು ಸಾಹೇಬರು. ಅವರ ದನಿಯಲ್ಲಿ ಸಿಟ್ಟಿಗಿಂತ ಗೌರವವೇ ಹೆಚ್ಚಿತ್ತು. ಮರುದಿನ ಆ ಚಪ್ಪಲಿ ಹಪ್ಪಳದಂತೆ ಮುರುಟಿ ನಿಂತಿತು. ಅದನ್ನು ಪ್ರತ್ಯಕ್ಷ ಸಾಕ್ಷಿ ಎಂದು ಸ್ವೀಕರಿಸಲಾಯಿತು.

ಉಪ್ಪಿನ ಚಟ ಸಾಬೀತಾಯಿತು. ಉಳಿದದ್ದು ಚೀಲದ ಮಾತು. ಚನಮಲ್ಲಪ್ಪನವರು ಬಾಳೇಶನನ್ನು ಮಗ್ಗಕ್ಕೆ ಹಾಸು ಹೂಡುವ ಶೆಡ್ಡಿನ ಹಿಂದೆ ಕರೆದೊಯ್ದು ಹೆಗಲ ಮೇಲೆ ಕೈ ಹಾಕಿದರು.

“ನಲವತ್ತೂ ಚೀಲ ಕುಡದು ಹೋದ್ವು ಅಂತ ಸಹಿ ಮಾಡಿಬಿಡೋ ತಮ್ಮಾ.”

“ಕಾಕಾ, ಬಂದದ್ದ ನಾಲ್ಕಲ್ರಿ?”

“ಲೇ ಹುಚ್ಚಾ, ನಿನ್ನ ಸಲುವಾಗಿ ಹೇಳಾಕತ್ತೇನಿ. ನಾಲ್ಕ ಚೀಲ ಉಪ್ಪು ಕುಡೀತು ಅಂದ್ರ, ಉಳದ ಮೂವತ್ತಾರು ಯಾರು ಕುಡದ್ರು ಅಂತ ಕೇಳತಾರ. ಗೋದಾಮಿನ ಕೀಲಿ ಯಾರ ಹಂತ್ಯಾಕೈತಿ?”

“ನನ್ನ ಹಂತ್ಯಾಕರಿ.”

“ಹಂಗಾದ್ರ ಕುಡದಾಂವ ಯಾರಾದ?”

ಬಾಳೇಶ ಕೀಲಿ ನೋಡಿದ. ಸೋಮವಾರ ನೆನೆಸಿದ. ವೈಶಾಲಿ ಹುನ್ನೂರಿನವನ ಮುಂದೆ ಕೂತು ಇಲಿಗಳ ಬಗ್ಗೆ ಕೇಳುತ್ತಿರುವಂತೆ ಕಣ್ಣಿಗೆ ಕಟ್ಟಿತು. ತಾನು ಸುಳ್ಳು ಹೇಳದ ಹೊರತು ತಾನು ಕುಡಿಯುವುದಿಲ್ಲ ಎಂಬ ಸತ್ಯಕ್ಕೆ ಶಿಕ್ಕಾ ಬೀಳುವುದಿಲ್ಲ ಎಂದು ಅವನಿಗೆ ಅರ್ಥವಾಯಿತು. ಸಹಿ ಮಾಡಿದ.

ಪ್ರಮಾಣಪತ್ರ ಕೂಡಲೇ ಸಿಕ್ಕಿತು: ‘ಶ್ರೀ ಬಾಳೇಶ ಇವರು ಕುಡಿಯುವುದಿಲ್ಲ. ಇವರ ಅವಧಿಯಲ್ಲಿ ಕುಡಿದದ್ದೆಲ್ಲವನ್ನೂ ಉಪ್ಪೇ ಕುಡಿದಿರುತ್ತದೆ. ಇವರ ನಡತೆ ಒಣಗಿದ್ದು ತೃಪ್ತಿಕರವಾಗಿದೆ.’

ಅದರ ಬೆನ್ನಿಗೇ ಸಂಘ ಹೊಸ ನಿಯಮ ಹೊರಡಿಸಿತು. ಇನ್ನು ಮುಂದೆ ಸಂಘದ ಯಾವ ಸಾಮಾನು ಕಾಣದಾದರೂ ಅದನ್ನು ‘ಕುಡಿದು ಹೋದದ್ದು’ ಎಂದು ನಮೂದಿಸತಕ್ಕದ್ದು. ಆ ವಾರವೇ ಎರಡು ಕುರ್ಚಿ, ಒಂದು ಟೇಬಲ್ ಫ್ಯಾನು ಕುಡಿದು ಹೋದವು. ಪ್ರಭುಲಿಂಗ ಸಾಹೇಬರ ಗಾಡಿಯಲ್ಲಿಟ್ಟ ಮೂರು ಸೀರೆ ಜಮಖಂಡಿ ಮುಟ್ಟುವುದರೊಳಗೆ ಕುಡಿದು ಹೋದವು. ನೇಕಾರರೂ ಹಿಂದೆ ಬೀಳಲಿಲ್ಲ. ಮುದಕವ್ವ ಎಂಬಾಕೆ ಸೀರೆ ತಾರದೆ ಬರಿಗೈಲಿ ಬಂದು, “ನೂಲು ಕುಡೀತ್ರಿ, ನಾ ಏನ್ ಮಾಡ್ಲಿ, ಬಡಿದು ಬುದ್ಧಿ ಹೇಳಿದೆ, ಕೇಳಲಿಲ್ಲ,” ಅಂದಳು. ನಿಯಮ ನಿಯಮವೇ. ಬರೆದುಕೊಂಡರು.

ಸೋಮವಾರ ಹುನ್ನೂರಿನವರು ಬರಲಿಲ್ಲ. ಬಾಳೇಶನ ಕಡೆಯವರೇ ನಿಶ್ಚಯಕ್ಕೆ ಮುಧೋಳಕ್ಕೆ ಹೋದರು. ಹಿರಿಯರಾಗಿ ಚನಮಲ್ಲಪ್ಪನವರು, ಅತಿಥಿಯಾಗಿ ಹೊಸ ಚಪ್ಪಲಿಯ ಪ್ರಭುಲಿಂಗ ಸಾಹೇಬರು. ಗೂಳಪ್ಪನವರು ಪ್ರಮಾಣಪತ್ರವನ್ನು ಬೀಗರ ನಡುವೆ ದೊಡ್ಡ ದನಿಯಲ್ಲಿ ಓದಿ, ಕಣ್ಣೊರೆಸಿಕೊಂಡು, ದೊಡ್ಡ ಅಳಿಯನ ಕಡೆಗೆ ಒಂದು ನೋಟ ಒಗೆದರು. ಅವನು ಕುಂತಲ್ಲೇ ಒರಗಿದ್ದ.

ಅಳಿಯನಿಗೆ ಉಂಗುರ ತೊಡಿಸುವ ಹೊತ್ತು ಬಂತು. ಗೂಳಪ್ಪನವರು ಒಂದು ಹಿತ್ತಾಳೆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಒಳಗೆ ನೀರಿತ್ತು.

“ಛಲೋ ವಜ್ಜಿ ಬಂಗಾರದ ಉಂಗುರ ಮಾಡಿಸಿದ್ದಿವ್ರಿ,” ಅಂದರು, “ಮಳಿಗಾಲ ನೋಡ್ರಿ. ಕುಡದು ಹೋತು.”

ಕಸ್ತೂರೆವ್ವ ಬಾಯಿ ತೆರೆದಳು. ಪ್ರಭುಲಿಂಗ ಸಾಹೇಬರು ಬಟ್ಟಲಿಗೆ ಬಾಗಿ, ಮೂಸಿ, “ಖರೆ ಐತಿ. ಪೂರಾ ಕುಡದೈತಿ,” ಅಂದರು. ಚನಮಲ್ಲಪ್ಪನವರು ನಿಯಮದ ಪ್ರಕಾರ ಹೌದೆಂದು ತಲೆಯಾಡಿಸಿದರು. ಕಸ್ತೂರೆವ್ವ ಬಾಯಿ ಮುಚ್ಚಿದಳು.

ವೈಶಾಲಿ ಮುಂದೆ ಬಂದು ಬಾಳೇಶನ ಬೆರಳು ಹಿಡಿದು ಬಟ್ಟಲಲ್ಲಿ ಅದ್ದಿದಳು. ಮಂದಿ ಅಕ್ಷತೆ ಹಾಕಿದರು.

“ಸಡ್ಲ ಏನರೆ ಆಗೇತೇನ್ರಿ?” ಮೆಲ್ಲಗೆ ಕೇಳಿದಳು.

ಬಾಳೇಶ ತೊಯ್ದ ಬೆರಳನ್ನು ಮಡಚಿ, ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದ.

“ಇಲ್ಲ,” ಅಂದ, “ಅಳತಿಗೆ ಸರಿಯಾಗಿ ಕುಂತೈತಿ.”