ಮಾಸ್ತರ ಮತ್ತು ಮರಾಠಿ ದೆವ್ವ

ಓಣಿಗೆಲ್ಲ ಬರುತ್ತಿದ್ದದ್ದು ಒಂದೇ ಪೇಪರು, ಅದೂ ನನ್ನ ಮನೆಗೆ. ಹೀಗಾಗಿ ಕೊರಿಯಾದ ಯುದ್ಧ ಯಾಕೆ ನಿಲ್ಲವಲ್ಲದು ಅನ್ನುವುದರಿಂದ ಹಿಡಿದು ಎಮ್ಮೆ ಯಾಕೆ ಹಾಲು ಕೊಡವಲ್ಲದು ಅನ್ನುವವರೆಗೆ ಎಲ್ಲದಕ್ಕೂ ಜನ ನನ್ನನ್ನೇ ಕೇಳುತ್ತಿದ್ದರು. ‘ಗೊತ್ತಿಲ್ಲ’ ಅನ್ನುವುದು ಮಾಸ್ತರನ ಬಾಯಿಗೆ ಒಗ್ಗುವ ಮಾತಲ್ಲ. ನಾನು ವಿಜ್ಞಾನ ಕಲಿಸುವವನು, ದೆವ್ವ ಭೂತ ನಂಬುವವನಲ್ಲ. ಆದರೆ ಸೋಲಾಪುರ, ಅಕ್ಕಲಕೋಟಗಳಲ್ಲಿ ನೌಕರಿ ಮಾಡಿದ ಆ ವರ್ಷಗಳಲ್ಲಿ, ನಂಬದವನನ್ನೇ ಹುಡುಕಿಕೊಂಡು ಇಂಥವು ಬರುತ್ತಿದ್ದವು. ಈಗ ನಗುತ್ತಾ ಹೇಳುತ್ತೇನೆ. ಆಗ ನಕ್ಕಿರಲಿಲ್ಲ.

ತೀರಿಕೊಂಡ ಸಾವಕಾರರು

ಸೋಲಾಪುರದಲ್ಲಿ ನಾನೊಬ್ಬ ಚಾದರ ವ್ಯಾಪಾರಿಯ ವಾಡೆಯಲ್ಲಿ ಬಾಡಿಗೆಗಿದ್ದೆ. ಸಾವಕಾರರಿಗೆ ಕಣ್ಣು ಮಂಜು. ದಿನಾ ಮುಂಜಾನೆ ಚಹಾದ ಜೊತೆ ನಾನು ಅವರಿಗೆ ಪೇಪರು ಓದಿ ಹೇಳಬೇಕು. ಒಂದು ದಿನ ಓದುತ್ತಾ ಓದುತ್ತಾ ಮೂರನೇ ಪುಟಕ್ಕೆ ಬಂದವನು ಸುಮ್ಮನಾಗಿಬಿಟ್ಟೆ.

“ಯಾಕ್ರಿ ಮಾಸ್ತರ, ನಿಂತ್ರಿ?”

“ಏನ ಹೇಳ್ಲಿ ಸಾವಕಾರ್ರ. ನೀವು ನಿನ್ನೆ ತೀರಿಕೊಂಡೀರಂತ.”

ಅದೇ ಹೆಸರು, ಅದೇ ಪೇಠ, ಅದೇ ಚಾದರ ವ್ಯಾಪಾರ. ಸಾವಕಾರರು ನಗುತ್ತಾರೆ ಅಂದುಕೊಂಡಿದ್ದೆ. ಅವರು ಚಹಾದ ಬಶಿ ಕೆಳಗಿಟ್ಟರು.

“ಎಷ್ಟೊತ್ತಿಗಿ?”

“ಸಂಜಿ ದೀಪ ಹಚ್ಚೂ ಹೊತ್ತಿಗಿ, ಅಂತ ಬರದಾರ್ರಿ.”

“ಹೌದು,” ಅಂದರು ಮೆಲ್ಲಗೆ. “ಆಗ ಎದ್ಯಾಗ ಒಮ್ಮೆ ಚುಳ್ ಅಂದಿತ್ತು.”

ಮಧ್ಯಾಹ್ನದ ಹೊತ್ತಿಗೆ ಬೀಗರು ಬಿಜ್ಜರು ಟಾಂಗಾ ಇಳಿದು ಬಾಗಿಲಲ್ಲೇ ಅಳಲು ಶುರು ಮಾಡಿದರು. ಸಾವಕಾರರು ಹೊರಗೆ ಹೋಗಲು ಎದ್ದರೆ ಹೆಂಡತಿ ತಡೆದರು. “ಒಳಗ ಕುಂಡ್ರರಿ ನೀವು. ಪಾಪ, ಅಷ್ಟು ದೂರದಿಂದ ಬಂದಾರ, ಒಂದೀಟು ಅತ್ತು ಹಗುರಾಗ್ಲಿ.” ಸಾವಕಾರರು ಕತ್ತಲೆ ಕೋಣೆಯಲ್ಲಿ ಕೂತು ತಮ್ಮ ಸಲುವಾಗಿ ಅಳುವುದನ್ನು ಕೇಳಿದರು. ಒಬ್ಬ ಬೀಗರು “ಜಿಪುಣ ಇದ್ದ, ಆದರೂ ಛಲೋ ಮನಶ್ಯಾ” ಅಂದಾಗ ತಡೆಯಲಾರದೆ ಬಾಗಿಲು ತೆರೆದು ನಿಂತರು. ಅಂಗಳ ಒಮ್ಮೆಲೇ ಖಾಲಿಯಾಯಿತು. ಓಡಲಾರದೆ ಉಳಿದವಳು ಅವರ ಸೋದರತ್ತೆ ಒಬ್ಬಳೇ. ಆಕೆ ಕೈ ಮುಗಿದು, “ಹೋಗಪಾ ತಮ್ಮಾ, ಹೊಳ್ಳಿ ನೋಡಬ್ಯಾಡ. ನಿನ್ನ ಹಾದಿ ಹಿಡಿ” ಅಂದಳು.

ಇಷ್ಟಕ್ಕೇ ಮುಗಿದಿದ್ದರೆ ನಗೆಯಾಟ. ಆದರೆ ಅವತ್ತಿನಿಂದ ಸಾವಕಾರರು ಅನ್ನ ಮುಟ್ಟಲಿಲ್ಲ. “ಹಸಿವಿ ಅನ್ನೂದ ಇಲ್ರಿ ಮಾಸ್ತರ” ಅನ್ನುತ್ತಾ ಕನ್ನಡಿಯ ಮುಂದೆ ನಿಲ್ಲುವರು. ಮುಖ ಬೂದಿಯಾಗಿತ್ತು. ಕೈ ಮುಟ್ಟಿದರೆ ಅಡಿಗೆಮನೆಯ ಹಾಸುಗಲ್ಲಿನಷ್ಟು ತಣ್ಣಗೆ. ನನಗೇ ಸಂಶಯ ಬರತೊಡಗಿತ್ತು. ಕೊನೆಗೆ ಪೇಪರಿನ ಮೂಲೆಯಲ್ಲಿ ಎರಡು ಸಾಲು ಬಂದವು: ಹೆಸರಿನ ಗೊಂದಲವಾಗಿದೆ, ಸದರಿ ವ್ಯಾಪಾರಿಗಳು ಕ್ಷೇಮವಾಗಿದ್ದಾರೆ. ನಾನು ಗಟ್ಟಿಯಾಗಿ ಓದಿದೆ. “ಇನ್ನೊಮ್ಮೆ ಓದ್ರಿ” ಅಂದರು. ಓದಿದೆ.

ಸಾವಕಾರರು ದೊಡ್ಡದೊಂದು ಉಸಿರು ಬಿಟ್ಟು ಒಳಗೆ ಕೂಗಿದರು: “ಏ, ಹಾಂಗಾರ ಊಟಕ್ಕ ನೀಡ!”

ಹಾಜರ್

ಅಕ್ಕಲಕೋಟದಲ್ಲಿ ನಮ್ಮ ಕನ್ನಡ ಸಾಲಿ ಒಂದು ಹಳೆಯ ವಾಡೆಯಲ್ಲಿ ನಡೆಯುತ್ತಿತ್ತು. ಹಿಂದಿನ ಗೋಡೆಗೆ ಕಿಟಕಿ ಇಲ್ಲ. ಬಿಸಿಲು ನೆತ್ತಿಗೆ ಬಂದರೂ ಅಲ್ಲಿ ಮಬ್ಬು. ಆ ವರ್ಷ ನನ್ನ ವರ್ಗದ ಒಬ್ಬ ಹುಡುಗ ಅಪ್ಪನ ಜೊತೆ ಮುಂಬಯಿಗೆ ಹೋಗಿಬಿಟ್ಟ. ರೂಢಿಯ ಮೇಲೆ ಮರುದಿನ ಅವನ ಹೆಸರೂ ಕೂಗಿದೆ.

“ಹಾಜರ್ ಸರ್!”

ಹಿಂದಿನ ಗೋಡೆಯ ಕಡೆಯಿಂದ, ಸ್ಪಷ್ಟ ದನಿ. ಹುಡುಗರೆಲ್ಲ ಹೊರಳಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಯಾರೋ ಚೇಷ್ಟೆ ಮಾಡಿದರೆಂದು ಮರುದಿನ ಎಲ್ಲರಿಗೂ ಬಾಯಿಯ ಮೇಲೆ ಬೆರಳಿಡಿಸಿ ಕೂಗಿದೆ. “ಹಾಜರ್ ಸರ್!” ಒಂದು ಬೆರಳೂ ಬಾಯಿ ಬಿಟ್ಟು ಅಲುಗಿರಲಿಲ್ಲ.

ಹೆಡ್‌ಮಾಸ್ತರರ ಬಳಿ ಓಡಿದೆ. ಅವರು ಶಾಂತವಾಗಿ ಕೇಳಿಕೊಂಡರು. ಹುಡುಗರು ಕಡಿಮೆಯಾದರೆ ಕನ್ನಡ ವರ್ಗ ಮುಚ್ಚಿ ಮಕ್ಕಳನ್ನು ಮರಾಠಿ ಸಾಲಿಗೆ ಕಳಿಸುವ ಮಾತು ಆಗ ಜೋರಾಗಿತ್ತು. ನಮ್ಮ ವರ್ಗ ಸರಿಯಾಗಿ ಅಂಚಿನ ಮೇಲಿತ್ತು.

“ಹೆಸರ ಕರದ್ರ ಓ ಅಂತಾನಿಲ್ಲೋ?” ಅಂದರು.

“ಅಂತಾನ್ರಿ. ಆದ್ರ ಇಲ್ರಿ ಅಂವ.”

“ದಿನಾ ಬರ್ತಾನ, ಗದ್ದಲ ಮಾಡಂಗಿಲ್ಲ, ಪಾಟಿ ಪೆನ್ಸಿಲ್ ಕೇಳಂಗಿಲ್ಲ. ಇಂಥಾ ಹುಡುಗನ್ನ ಯಾಕ ಬಿಡ್ತೀರಿ? ಹಾಜರಿ ಹಾಕ್ರಿ.”

ತಪಾಸಣೆಗೆ ಇನ್‌ಸ್ಪೆಕ್ಟರರು ಬಂದರು. ಹೊಸಬರು, ನಮ್ಮ ಕಥೆ ಏನೂ ಗೊತ್ತಿಲ್ಲದವರು. ತಾವೇ ಹೆಸರು ಕರೆದರು. ಆ ಹೆಸರೂ ಬಂತು. “ಹಾಜರ್ ಸರ್!” ಇನ್‌ಸ್ಪೆಕ್ಟರರು ತಲೆ ಎತ್ತಿ ಹಿಂದಿನ ಗೋಡೆಯತ್ತ ನೋಡಿ, ತಲೆಯಾಡಿಸಿ ಮುಂದಿನ ಹೆಸರಿಗೆ ಹೋದರು. ವರ್ಗ ಉಳಿಯಿತು. ನಾನು ಅವರನ್ನು ಬಾಗಿಲವರೆಗೆ ಬಿಡಲು ಹೋದೆ.

ಟಾಂಗಾ ಹತ್ತುತ್ತಾ ಅವರು ಅಂದರು: “ಎಲ್ಲಾ ಛಲೋ ಅದ ಮಾಸ್ತರ. ಆ ಹಿಂದಿನ ಗ್ವಾಡಿಗಿ ಕುಂತಾನಲ್ಲ, ಆ ಹುಡುಗಗ ಮಾತ್ರ ಒಂದು ಅಂಗಿ ಕೊಡಸ್ರಿ.”

ಆಕಾಶದ ನಾಯಿ

ರಷ್ಯಾದವರು ಆಕಾಶಕ್ಕೆ ನಾಯಿ ಕಳಿಸಿದ ಸುದ್ದಿಯನ್ನು ಸಂಜೆ ಕಟ್ಟೆಯ ಮೇಲೆ ಓದಿ ಹೇಳಿದೆ. ಗಂಡಸರು ಯಂತ್ರದ ಬಗ್ಗೆ ಕೇಳಿದರು. ಪಕ್ಕದ ಮನೆಯ ಅಜ್ಜಿ ಕೇಳಿದ್ದು ಒಂದೇ: “ಅದಕ್ಕ ಕೂಳ ಯಾರ ಹಾಕ್ತಾರ್ರಿ?”

ಯಂತ್ರದಲ್ಲೇ ಎಲ್ಲಾ ಇರುತ್ತದೆ ಅಂದೆ. ಅಜ್ಜಿಗೆ ಯಂತ್ರದ ಮೇಲೆ ಭರವಸೆ ಇರಲಿಲ್ಲ. ಅವತ್ತಿನಿಂದ ದೀಪ ಹಚ್ಚುವ ಹೊತ್ತಿಗೆ ಮಾಳಿಗೆ ಹತ್ತಿ ಒಂದು ರೊಟ್ಟಿ ಇಟ್ಟು, ಆಕಾಶ ನೋಡಿ “ಬಾ, ಬಾ” ಎಂದು ಕರೆದು ಇಳಿಯುವಳು. ಮುಂಜಾನೆ ತಾಟು ಖಾಲಿ. ಕೆಲವು ದಿನಕ್ಕೆ ನಾಯಿ ಮೇಲೆಯೇ ಸತ್ತಿತೆಂದು ಪೇಪರಿನಲ್ಲಿ ಬಂತು. ಹೇಳಿದೆ. ಅಜ್ಜಿ ಕಣ್ಣೊರೆಸಿಕೊಂಡಳು, ರೊಟ್ಟಿ ಮಾತ್ರ ನಿಲ್ಲಿಸಲಿಲ್ಲ. “ಸತ್ತರ ಹಸಿವಿ ಹೋಗ್ತೈತೇನ್ರಿ? ತಾಟು ಖಾಲಿ ಆಗಾಕತ್ತೈತಲ್ಲ.”

“ಕಾಗಿ ತಿಂತಾವ ಯವ್ವಾ. ಇಲ್ಲಾ ಬೆಕ್ಕು.”

ಸಾಬೀತು ಮಾಡಿ ತೋರಿಸಬೇಕೆಂದು ಆ ಸಂಜೆ ನಾನೇ ಮಾಳಿಗೆ ಹತ್ತಿದೆ. ಅಜ್ಜಿಯ ಸೊಸೆ ರೊಟ್ಟಿ ಚಟ್ನಿ ಹಾಕಿ ಕೊಟ್ಟ ತಾಟಿನ ಮೇಲೆ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ಒರಳಿನ ಗುಂಡು ಇಟ್ಟು ಬಂದೆ. ಬೆಳಕು ಹರಿಯುತ್ತಲೇ ಅಜ್ಜಿಯನ್ನು ಕರೆದುಕೊಂಡು ಮೇಲೆ ಹೋದೆ. ಬುಟ್ಟಿ ಹಾಗೇ ಇತ್ತು. ಗುಂಡು ಹಾಗೇ ಇತ್ತು, ಅದರ ಮೇಲೆ ಇಬ್ಬನಿ ಕೂತಿತ್ತು. ಎತ್ತಿದೆ. ರೊಟ್ಟಿ ಇರಲಿಲ್ಲ. ಶೇಂಗಾ ಚಟ್ನಿ ಮಾತ್ರ ತಾಟಿನ ಬದಿಗೆ ಮುಟ್ಟದೆ ಉಳಿದಿತ್ತು. ಕೆಳಗೆ ಓಣಿಯ ನಾಯಿಗಳೆಲ್ಲ ಒಂದೂ ಬೊಗಳದೆ ತಲೆ ಎತ್ತಿ ಮೇಲೆ ನೋಡುತ್ತಿದ್ದವು.

ಅಜ್ಜಿ ತಾಟು ನೋಡಿ ಸಿಡುಕಿದಳು: “ನಮ್ಮ ಸೊಸಿಗಿ ಬಡಕೊಂಡೆ, ಚಟ್ನಿ ಹಾಕಬ್ಯಾಡ ಅಂತ. ರಷ್ಯಾದ ನಾಯಿಗಿ ನಮ್ಮ ಖಾರ ಹ್ಯಾಂಗ ತಡೀತೈತಿ?”

ದುಭಾಷಿ

ಇದು ನಾಯಿಗಿಂತ ಮೊದಲಿನದು. ಯಾವ ಊರು ಯಾವ ಭಾಷೆಯ ರಾಜ್ಯಕ್ಕೆ ಹೋಗಬೇಕು ಅನ್ನುವ ಸುದ್ದಿ ಬಿಟ್ಟು ಪೇಪರಿನಲ್ಲಿ ಬೇರೆ ಸುದ್ದಿಯೇ ಇಲ್ಲದ ಕಾಲ. ಒಂದು ರವಿವಾರ ಹತ್ತಿರದ ಹಳ್ಳಿ ಹನ್ನೂರಿನ ಗೌಡರು ಚಕ್ಕಡಿ ಕಟ್ಟಿಕೊಂಡು ನನ್ನ ಮನೆಗೇ ಬಂದರು.

“ಮಾಸ್ತರ, ನಮ್ಮ ಸೊಸಿಗಿ ಗಾಳಿ ಬಡದೈತ್ರಿ. ಮಂತ್ರಗಾರನ್ನ ಕರಿಸೀವಿ. ಆದ್ರ ದೆವ್ವ ಮರಾಠಿ ಮಾತಾಡ್ತೈತಿ.”

“ನಿಮಗೂ ಮರಾಠಿ ಬರ್ತದಲ್ರಿ?”

“ನಮ್ದು ಬಜಾರದ ಮರಾಠಿ. ಇದು ಪುಣೆಯದ್ದು, ಪೋಥಿ ಪುರಾಣದೊಳಗಿನಂಥಾದ್ದು. ಮಂತ್ರಗಾರಗಂತೂ ಒಂದಕ್ಷರ ತಿಳಿಯಂಗಿಲ್ಲ. ನೀವು ಬಂದು ತಿಳಿಸಿ ಹೇಳಬೇಕು.”

ಸೊಸೆ ಇಂಡಿ ಕಡೆಯ ಹುಡುಗಿ, ಮರಾಠಿಯ ಗಾಳಿಯೂ ಸೋಕಿದವಳಲ್ಲ. ನಾವು ಹೋದಾಗ ಪಡಸಾಲೆಯಲ್ಲಿ ಕೂದಲು ಬಿಟ್ಟು ಕಂಬಕ್ಕೆ ಒರಗಿ ಕೂತಿದ್ದಳು. ಮಂತ್ರಗಾರನ ಕೈಯಲ್ಲಿ ಚಾಬೂಕು. ಅತ್ತೆಯ ಕೈಯಲ್ಲಿ ಮೆಣಸಿನಕಾಯಿ ಹೊಗೆ ಹಾಕಲು ಕೆಂಡದ ಹಂಚು. ಮಂತ್ರಗಾರ ಗದರಿದ: “ಕೇಳ್ರಿ ಮಾಸ್ತರ, ನೀ ಯಾರು ಅಂತ!”

ನಾನು ಮರಾಠಿಯಲ್ಲಿ “ತೂ ಕೋಣ?” ಅಂದೆ.

ಹುಡುಗಿಯ ಬಾಯಿಂದ ಒಬ್ಬ ಮುದುಕನ ದಪ್ಪ ದನಿ ಬಂತು. “‘ತೂ’ ನವ್ಹೇ. ‘ಆಪಣ’ ಮ್ಹಣಾವೇ.” ನೀನು ಅನ್ನಬೇಡ, ತಾವು ಅನ್ನು! ನಾನು ಕೈ ಜೋಡಿಸಿ ಕ್ಷಮೆ ಕೇಳಿದೆ. ಮಂತ್ರಗಾರನಿಗೆ ಇದು ಸರಿ ಬರಲಿಲ್ಲ. “ಏನ ಬೇಕು ಕೇಳ್ರಿ!”

ಕೇಳಿದೆ. ದನಿ ನನಗಷ್ಟೇ ಕೇಳುವಷ್ಟು ಸಣ್ಣಗಾಯಿತು. “ಥಂಡೀ ವಾಜತೇ. ಝೋಪೂ ದ್ಯಾ.” ಥಂಡಿ ಹತ್ತತದ, ಮಲಗಗೊಡ್ರಿ. ಇಷ್ಟೇ.

ಆಗಲೇ ನಾನು ಹುಡುಗಿಯ ಕೈ ನೋಡಿದ್ದು. ಬಾವಿ ಹಗ್ಗಕ್ಕೆ ಅಂಗೈ ಸುಲಿದಿತ್ತು. ತೋಳಿನ ಮೇಲೆ ಹಳೆಯ ಬಾಸುಂಡೆ, ಅದರ ಮೇಲೊಂದು ಹೊಸ ಬಾಸುಂಡೆ. ಮಂತ್ರಗಾರ ಚಾಬೂಕು ಎತ್ತಿದ. “ಏನಂತೈತ್ರಿ?”

ನನ್ನ ಬಾಯಿ ತಾನೇ ಮಾತಾಡಿತು. “ಈ ಹುಡುಗೀನ ಒಂದು ತಿಂಗಳು ತವರಿಗಿ ಕಳಸ್ರಿ ಅಂತದ. ಬಂದ ಮ್ಯಾಲ ಬಾವಿ ನೀರು ಸೇದಸಬ್ಯಾಡ್ರಿ ಅಂತದ. ಯಾರರೆ ಈಕಿ ಮ್ಯಾಲ ಕೈ ಎತ್ತಿದ್ರ ಅವರ ಮೈಯಾಗ ಬರ್ತೀನಿ ಅಂತದ.”

ಚಾಬೂಕು ಗಾಳಿಯಲ್ಲೇ ನಿಂತಿತು. ಅತ್ತೆ ಹಂಚು ಕೆಳಗಿಟ್ಟಳು. “ಅಷ್ಟ ಸಣ್ಣ ಮಾತಿಗಿ ಇಷ್ಟುದ್ದ ಅರ್ಥ ಏನ್ರಿ?”

“ಪುಣೆ ಮರಾಠಿ ಹಾಂಗ ಇರ್ತದವ್ವ. ಸಣ್ಣ ಮಾತು, ಭಾಳ ಅರ್ಥ.”

ಕಂಬಕ್ಕೆ ಒರಗಿದ ತಲೆ ನಿಧಾನವಾಗಿ ನನ್ನ ಕಡೆ ಹೊರಳಿತು. ಕೂದಲೊಳಗಿಂದ ಒಂದೇ ಕಣ್ಣು ಕಾಣುತ್ತಿತ್ತು. ಅದು ರೆಪ್ಪೆ ಬಡಿಯಲಿಲ್ಲ. ಮುಖ ನನ್ನ ಕಿವಿಯ ಹತ್ತಿರ ಬಂತು. ಉಸಿರು ಹಳೆಯ ನೆಲಮಾಳಿಗೆಯ ಗಾಳಿಯ ಹಾಗೆ ತಣ್ಣಗಿತ್ತು. ಅದೇ ಮುದುಕನ ದನಿ, ಆದರೆ ನಮ್ಮದೇ ಅಚ್ಚ ಕನ್ನಡ:

“ಮಾಸ್ತರ, ನಾ ಹೀಂಗ ಅಂದಿಲ್ಲ.”

ಇನ್ನೊಮ್ಮೆ ಉಸಿರು ಬಂತು.

“ಆದ್ರ ಛಲೋ ಅಂದ್ರಿ. ಒಂದ ತಿಂಗಳಲ್ಲ, ಮೂರಂತ ಹೇಳ್ರಿ.”

“ಏನಂತು? ಏನಂತು?” ಎಂದು ಮಂತ್ರಗಾರ ದೂರ ನಿಂತೇ ಕೇಳಿದ.

“ಮೂರು ತಿಂಗಳಂತ್ರಿ,” ಅಂದೆ. ಅವತ್ತು ನಾನು ಪ್ರಾಮಾಣಿಕವಾಗಿ ಹೇಳಿದ ಮಾತು ಅದೊಂದೇ.

ಹುಡುಗಿ ಪಕ್ಕಕ್ಕೆ ವಾಲಿದಳು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, ತನ್ನ ಎಳೆಯ ದನಿಯಲ್ಲಿ ನೀರು ಕೇಳಿದಳು. ನೀರು ತಂದುಕೊಟ್ಟವಳು ಅತ್ತೆಯೇ. ಮರುದಿನವೇ ಚಕ್ಕಡಿ ಇಂಡಿ ಹಾದಿ ಹಿಡಿಯಿತು.

ಹೇಳಿದ ಅವಧಿ ಮುಗಿದ ಮೇಲೆ ಗೌಡರು ಹಸಿ ಶೇಂಗಾದ ಗಂಟು ಹೊತ್ತು ಸಾಲಿಗೆ ಬಂದರು. ಮುಖ ಅರಳಿತ್ತು.

“ಸೊಸಿ ಬಂದಾಳ್ರಿ, ಮೈ ತುಂಬ್ಕೊಂಡು ಆರಾಮ ಅದಾಳ. ನೀರು ಸೇದಾಕ ಆಳು ಇಟ್ಟೀವಿ. ಮತ್ತ ಮಂತ್ರಗಾರ ಒಂದು ಮಾತ ಹೇಳ್ಯಾನ್ರಿ. ಇನ್ನ ಮುಂದ ಯಾರಿಗೆ ಗಾಳಿ ಬಡದ್ರೂ ನನ್ನ ಕರಿಬ್ಯಾಡ್ರಿ, ಅಕ್ಕಲಕೋಟ ಮಾಸ್ತರನ್ನ ಕರೀರಿ, ದೆವ್ವ ಅವರ ಮಾತ ಕೇಳ್ತೈತಿ ಅಂತ.”

“ಅಲ್ರಿ ಗೌಡ್ರ,” ಅಂದೆ ಶೇಂಗಾ ಇಸಿದುಕೊಳ್ಳುತ್ತಾ, “ದೆವ್ವ ನನ್ನ ಮಾತ ಕೇಳಿಲ್ಲ. ನಾನ ದೆವ್ವದ ಮಾತ ಕೇಳೀನಿ.”