ಹಂದಿ ಮೆಚ್ಚಿದ ಗಾಯಕ

ಗಾನಕೇಸರಿ ರುದ್ರಕಂಠರೇ ಈ ಕಾಲದ ಅತಿ ಶ್ರೇಷ್ಠ ಗಾಯಕರು ಎಂಬುದು ಹೆತ್ತೂರು ಕಡೆಯಲ್ಲಿ ಸಾಕ್ಷಿಸಮೇತ ಸಾಬೀತಾಗಿದೆ. ಸಾಕ್ಷಿ ನುಡಿದದ್ದು ಒಂದು ಹಿಂಡು ಕಾಡುಹಂದಿ. ಅವು ನಮ್ಮ ಗದ್ದೆಗೇ ಬಂದು ನುಡಿದವು, ಬೇರೆಯವರ ಗದ್ದೆಗೆ ಹೋಗಿ ಅಲ್ಲ. ಇದನ್ನು ನಾನು ಜಂಬಕ್ಕೆ ಹೇಳುತ್ತಿಲ್ಲ. ಹೊಂಗಡಹಳ್ಳ ಸಂಗೀತ ರಸಿಕರ ವೇದಿಕೆಯ ಕಾರ್ಯದರ್ಶಿ, ಭೂತಯ್ಯನವರ ಮಗ ಪ್ರಜ್ವಲ್ ಎಂಬ ಹೊಣೆಯಿಂದ ಹೇಳುತ್ತಿದ್ದೇನೆ. ಜಂಬ ಕೊಚ್ಚಬೇಕೆಂದಿದ್ದರೆ ನನ್ನ ಹತ್ತಿರ ಬೇರೆ ವಿಷಯಗಳೇ ಬೇಕಾದಷ್ಟಿವೆ.

ಸದಸ್ಯರು ತಮಗೆ ಇಷ್ಟವಾದ ಹಾಡು ಮತ್ತು ಹಾಡುಗಾರರನ್ನು ಇತರ ಸದಸ್ಯರೊಂದಿಗೆ ಹಂಚಿಕೊಂಡು ಸೌಹಾರ್ದ ಬೆಳೆಸುವುದು ನಮ್ಮ ವೇದಿಕೆಯ ಉದ್ದೇಶ. ಮೊದಲ ಸಭೆಯಲ್ಲೇ ಸೌಹಾರ್ದ ಬೆಳೆದು ಎರಡು ಕುರ್ಚಿ ಮುರಿದವು. ನಾನು ರುದ್ರಕಂಠರ ಹಾಡು ಹಾಕಿದೆ. ಅದರ ಪಲ್ಲವಿ ಮುಗಿಯುವ ಮೊದಲೇ ಮೊಬೈಲ್ ಅಂಗಡಿ ವಸಂತ ತನ್ನ ಸುಸ್ವರಾ ದೇವಿಯವರನ್ನು ಅದಕ್ಕಿಂತ ಜೋರಾಗಿ ಹಾಕಿದ. ವೇದಿಕೆಯ ಅಧ್ಯಕ್ಷರೂ ಊರಿನ ದೊಡ್ಡ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರೂ ಆದ ದೇವೀರಪ್ಪನವರು ನಮ್ಮಿಬ್ಬರಿಗೂ ಬೈದು, ಪಿಟೀಲು ನರಹರಯ್ಯನವರನ್ನು ಹಾಕಿ ಕಣ್ಣು ಮುಚ್ಚಿಕೊಂಡರು.

"ನಿನ್ ರುದ್ರಕಂಠನ್ ಹಾಡು ಕೇಳಿದ್ರೆ ಹಂದಿನೂ ಗದ್ದೆ ಬುಟ್ಟು ಓಡೋಯ್ತದೆ ಕಣೋ," ಅಂದ ವಸಂತ.

"ಓಡೋಯ್ತದಾ? ಹಾಕಿ ನೋಡಾಣ ಬಾ ಮಾರಾಯ. ನಿನ್ ಸುಸ್ವರಾ ದೇವಿಗೆ ಇಲಿ ಬಂದ್ರೆ ಹೇಳು!"

ದೇವೀರಪ್ಪನವರು ಕಣ್ಣು ಬಿಟ್ಟರು. ಭತ್ತ ಹಾಲುಗಟ್ಟುವ ಕಾಲಕ್ಕೆ ಗದ್ದೆಯಲ್ಲಿ ರಾತ್ರಿಯೆಲ್ಲ ರೇಡಿಯೋನೋ ಸ್ಪೀಕರೋ ಹಚ್ಚಿಟ್ಟು ಹಂದಿ ಓಡಿಸುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಆದರೆ ಇದರಲ್ಲಿ ಇಂಥ ಕಲಾಪರೀಕ್ಷೆ ಅಡಗಿದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಅಧ್ಯಕ್ಷರು ಎದ್ದು ನಿಂತು ಘೋಷಿಸಿದರು: "ಮನುಷ್ಯ ಪಕ್ಷಪಾತಿ. ಹಂದಿಗೆ ಜಾತಿಯಿಲ್ಲ, ಪಾರ್ಟಿಯಿಲ್ಲ, ಯಾರ ಅಭಿಮಾನಿ ಸಂಘಕ್ಕೂ ಅದು ಸೇರಿಲ್ಲ. ಅದು ಓಡಿದರೆ ಹಾಡು ಕಳಪೆ. ನಿಂತು ಕೇಳಿದರೆ ಉತ್ತಮ. ಉಂಡು ಹೋದರೆ ಸರ್ವೋತ್ತಮ." ಸಭೆ ಇದನ್ನು ಸರ್ವಾನುಮತದಿಂದ ಅಂಗೀಕರಿಸಿತು.

ಆ ರಾತ್ರಿ ಮೂವರೂ ತಂತಮ್ಮ ಗದ್ದೆಯಲ್ಲಿ ತಂತಮ್ಮ ಕಲಾವಿದರನ್ನು ಹಾಕಿದೆವು. ಮಾರನೇ ದಿನ ಬೆಳಗ್ಗೆ ಫಲಿತಾಂಶ ಬಂತು. ವಸಂತನ ಗದ್ದೆಯಲ್ಲಿ ಒಂದು ತೆನೆಯೂ ಬಾಗಿರಲಿಲ್ಲ. ಅವನ ಮುಖ ನೋಡಲಾಗಲಿಲ್ಲ. ಊರವರು ಅವನ ಮನೆಗೆ ಹೋಗಿ ಸಮಾಧಾನ ಹೇಳಿ ಬಂದರು. ದೇವೀರಪ್ಪನವರ ಗದ್ದೆಗೆ ಒಂಟಿ ಗಂಡುಹಂದಿ ಬಂದಿತ್ತು. ಆದರೆ ಅದು ಭತ್ತಕ್ಕೆ ಬಾಯಿ ಹಾಕದೆ ಸ್ಪೀಕರನ್ನು ಮಾತ್ರ ತುಳಿದು ಹೋಗಿದ್ದರಿಂದ, ಅದನ್ನು ವಿಮರ್ಶೆ ಎಂದು ಪರಿಗಣಿಸಲಾಯಿತು. ನಮ್ಮ ಗದ್ದೆಗೆ ಇಡೀ ಹಿಂಡೇ ಬಂದು, ಅರ್ಧ ಗದ್ದೆಯನ್ನು ನೆಲಸಮ ಮಾಡಿತ್ತು.

"ಲೇ, ಗದ್ದೆ ಹೋಯ್ತಲ್ಲೋ!" ಅಂತ ಅಪ್ಪ ಬದುವಿನ ಮೇಲೆ ಕೂತುಬಿಟ್ಟರು.

"ಅಪ್ಪಾ, ಹೆಜ್ಜೆ ನೋಡಿ. ಒಂದೂ ಅರ್ಧಕ್ಕೆ ಎದ್ದು ಹೋಗಿಲ್ಲ," ಅಂದೆ ನಾನು. ಅಪ್ಪನಿಗೆ ಸಂಗೀತ ಅಷ್ಟಾಗಿ ತಿಳಿಯದು.

ಉಳಿದರ್ಧ ಗದ್ದೆಯಲ್ಲಿ ಎರಡನೇ ರಾತ್ರಿಯ ಕಾರ್ಯಕ್ರಮ ಇಟ್ಟೆ. ಒಂದು ಹಂದಿಯೂ ಬರಲಿಲ್ಲ. ಮೂರನೇ ರಾತ್ರಿಯೂ ಬರಲಿಲ್ಲ. ವಸಂತ ಅಂಗಡಿ ಮುಂದೆ ನಿಂತು ನಗತೊಡಗಿದ. ಕಾರಣ ಹುಡುಕಿಕೊಂಡು ಹೋದರೆ ಸಿಕ್ಕಿದ್ದು ಪಕ್ಕದ ಗದ್ದೆಯ ಮಾದಮ್ಮತ್ತೆ.

ಮಾದಮ್ಮತ್ತೆ ನಮ್ಮ ಗದ್ದೆಯ ಗತಿ ನೋಡಿ ಹೆದರಿ, ತನ್ನ ಗದ್ದೆಯಲ್ಲೂ ಒಂದು ಸ್ಪೀಕರ್ ಕಟ್ಟಿದ್ದಳು. ಅದರಲ್ಲಿ ಹಾಡುತ್ತಿದ್ದವನು ಅವಳ ಸ್ವಂತ ತಮ್ಮ ತಿಮ್ಮಯ್ಯ. ಯಾವುದೋ ಮದುವೆ ಮನೆಯಲ್ಲಿ ಊಟವಾದ ಮೇಲೆ ಅವನು ಮೈಕ್ ಕಸಿದುಕೊಂಡು ಹಾಡಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ನಡುನಡುವೆ ಮೈಕ್ ಕುಯ್ಯೋ ಅನ್ನುತ್ತಿತ್ತು. ಎರಡರಲ್ಲಿ ತಿಮ್ಮಯ್ಯ ಯಾವುದು, ಮೈಕ್ ಯಾವುದು ಎಂದು ನನ್ನಂಥ ಅನುಭವಿಗೂ ಹೇಳಲಾಗಲಿಲ್ಲ. ರುದ್ರಕಂಠರನ್ನು ಕೇಳಲು ಕಾಡಿನಿಂದ ಇಳಿದು ಬರುತ್ತಿದ್ದ ಶ್ರೋತೃಗಳು ಇವನ ದನಿಗೆ ದಾರಿಯಲ್ಲೇ ತಿರುಗಿ ಹೋಗುತ್ತಿದ್ದವು.

ಅಧ್ಯಕ್ಷರೂ ನಾನೂ ಅವಳ ಮನೆಗೆ ಹೋದೆವು.

"ಅತ್ತೆ, ಆ ಹಾಡು ನಿಲ್ಸಿ. ತಿಮ್ಮಯ್ಯಂಗೆ ಶ್ರುತಿನೇ ಇಲ್ಲ."

"ಶ್ರುತಿ ಇಲ್ದಿದ್ರೆ ಏನಾತು, ಗಂಟ್ಲೈತಲ್ಲ. ನಂಗೆ ಅವ್ನ್ ಹಾಡೇ ಇಷ್ಟ ಕಣ್ಲಾ. ನಿನ್ ಕೇಸರಿ ನಿನ್ ಗದ್ದೇಲಿ ಹಾಡ್ಲಿ, ನನ್ ತಮ್ಮ ನನ್ ಗದ್ದೇಲಿ ಹಾಡ್ಕತಾನೆ."

"ನಿಮ್ ಗದ್ದೆಗೆ ಒಂದ್ ಹಂದಿನೂ ಬಂದಿಲ್ಲ. ನಾಚ್ಕೆ ಆಗಲ್ವಾ?"

"ನಾಚ್ಕೆನಾ? ನಿಮ್ದು ಕಾಫಿ ತೋಟ ಐತೆ. ಗದ್ದೆ ಹೋದ್ರೆ ಅಂಗ್ಡಿಯಿಂದ ಅಕ್ಕಿ ತತ್ತೀರಿ. ನಂಗೂ ನಮ್ ಸುಮನಾಗೂ ವರ್ಷದ್ ಅನ್ನ ಇರೋದು ಇದೊಂದೇ ಗದ್ದೇಲಿ. ಅದನ್ನೂ ಹಂದಿ ಬಾಯಿಗ್ ಹಾಕಿ, ತಾಯಿ ಮಗ್ಳು ನಿನ್ ಸಂಗೀತ ತಿನ್ನಾದಾ?"

ಒಳಗಿನಿಂದ ಮಗಳು ಸುಮನಾ, "ಅಮ್ಮ, ಬಾಗ್ಲು ಹಾಕು," ಅಂದಳು.

ಆಗ ದೇವೀರಪ್ಪನವರು ಬಹಳ ಮೃದುವಾಗಿ, "ಮಾದಮ್ಮ, ಕಾಫಿ ಹಣ್ಣು ಕುಯ್ಯಾಕೆ ನಿಮ್ಮಿಬ್ರನ್ನೂ ಕರೀಬೇಕು ಅಂತಿದ್ದೆ. ಕಲೆ ಬಗ್ಗೆ ಗೌರವ ಇಲ್ದೋರನ್ನ ತೋಟಕ್ಕೆ ಹೆಂಗೆ ಕರ್ಯದು ಅಂತ ಒಂದ್ ಯೋಚ್ನೆ," ಅಂದರು. "ಇನ್ನ ಗದ್ದೆ ವಿಚಾರ. ಹಂದಿ ತಿಂದ್ರೆ ಸರ್ಕಾರಿ ಕಚೇರಿಯಿಂದ ಪರಿಹಾರ ಐತೆ. ವೇದಿಕೆ ಲೆಟರ್‌ಹೆಡ್‌ನಲ್ಲಿ ನಾವೇ ಬರ್ಕೊಡ್ತೀವಿ."

ಮಾದಮ್ಮತ್ತೆ ಗದ್ದೆಗೆ ಹೋಗಿ ಕಟ್ಟಿದ್ದ ಹಗ್ಗ ಬಿಚ್ಚಿದಳು. ಆಮೇಲೆ ಸ್ಪೀಕರ್ ತಂದು ನನ್ನ ಕೈಗಿಟ್ಟಳು. ಕಲೆಯ ಬಗ್ಗೆ ತಿಳುವಳಿಕೆ ಮೂಡಿಸುವುದು ಕಷ್ಟ ಅನ್ನುವವರು ಸರಿಯಾಗಿ ವಿವರಿಸುವುದಿಲ್ಲ ಅಷ್ಟೆ.

ಆ ರಾತ್ರಿ ಎರಡೂ ಗದ್ದೆಗಳಲ್ಲಿ ರುದ್ರಕಂಠರೇ ಹಾಡಿದರು. ಬೆಳಗ್ಗೆ ನೋಡಿದರೆ ನಮ್ಮ ಉಳಿದರ್ಧ ಗದ್ದೆ ಇರಲಿಲ್ಲ, ಮಾದಮ್ಮತ್ತೆಯ ಗದ್ದೆ ಪೂರ್ತಿ ಇರಲಿಲ್ಲ. ಇಂಥ ಜನಬೆಂಬಲ ಹೋಬಳಿಯ ಇತಿಹಾಸದಲ್ಲೇ ಮೊದಲು. ವೇದಿಕೆ ಅವಳಿಗೆ ಶಾಲು ಹೊದಿಸಿ 'ರಸಿಕ ಮಾತೆ' ಬಿರುದು ಕೊಟ್ಟಿತು. ಅವಳು ಶಾಲಿನ ತುದಿಯಿಂದ ಮೂಗು ಒರೆಸಿಕೊಂಡಳು. ಆನಂದಬಾಷ್ಪ ಕೆಲವರಿಗೆ ಮೂಗಿನಲ್ಲೂ ಬರುತ್ತದೆ.

ಪರಿಹಾರದ ಅರ್ಜಿಯನ್ನು ಕೊಟ್ಟ ಮಾತಿನಂತೆ ನಾನೇ ಬರೆದೆ. ವಿಷಯವನ್ನು ಮುಚ್ಚಿಡುವ ಸ್ವಭಾವ ನನ್ನದಲ್ಲ. ಯಾವ ಗಾಯಕರು, ಯಾವ ಹಾಡು, ಹಂದಿಗಳು ಎಷ್ಟು ತನ್ಮಯವಾಗಿದ್ದವು ಎಲ್ಲವನ್ನೂ ವರ್ಣಿಸಿದ್ದೆ. ಸಂಬಂಧಪಟ್ಟ ಕಚೇರಿಯಿಂದ ಸಾಹೇಬರೊಬ್ಬರು ಜೀಪಿನಲ್ಲಿ ಬಂದು, ಗದ್ದೆ ನೋಡಿ, ಹಾಡನ್ನೂ ಕೇಳಿ ತಲೆದೂಗಿ ಹೋದರು. ಸ್ವಲ್ಪ ದಿನಕ್ಕೆ ಉತ್ತರ ಬಂತು. ಮಾದಮ್ಮತ್ತೆಯ ಜಗಲಿಯಲ್ಲಿ ನಿಂತು ನಾನೇ ಗಟ್ಟಿಯಾಗಿ ಓದಿದೆ:

"ಸದರಿ ಹಂದಿಗಳನ್ನು ಧ್ವನಿವರ್ಧಕದ ಮೂಲಕ ಕ್ರಮಬದ್ಧವಾಗಿ ಆಹ್ವಾನಿಸಲಾಗಿದ್ದು, ಅವು ಕಾರ್ಯಕ್ರಮ ಮುಗಿಯುವವರೆಗೆ ಶಿಸ್ತಿನಿಂದ ಉಪಸ್ಥಿತವಿದ್ದುದು ಅರ್ಜಿಯಿಂದಲೇ ಕಂಡುಬಂದಿರುತ್ತದೆ. ಆದಕಾರಣ ಅವುಗಳನ್ನು ವನ್ಯಪ್ರಾಣಿಗಳೆಂದು ಪರಿಗಣಿಸಲು ಬರುವುದಿಲ್ಲ. ಹಾಡು ಕೇಳಲು ಬಂದವರು ಅತಿಥಿಗಳಾಗಿದ್ದು, ಅತಿಥಿಗಳಿಗೆ ಊಟ ನೀಡುವುದು ಹಾಡು ಹಾಕಿದವರ ಜವಾಬ್ದಾರಿ ಆಗಿರುತ್ತದೆ. ಪರಿಹಾರದ ಕೋರಿಕೆಯನ್ನು ತಿರಸ್ಕರಿಸಿದೆ."

"ಹಂಗಂದ್ರೆ ಏನ್ಲಾ?" ಅಂದಳು ಮಾದಮ್ಮತ್ತೆ.

"ರುದ್ರಕಂಠರ ಶ್ರೋತೃಗಳಿಗೆ ಸರ್ಕಾರಿ ಮಾನ್ಯತೆ ಸಿಕ್ತು ಅಂತ ಅತ್ತೆ."

"ಅದಲ್ಲ ಕಣೋ. ಕೊನೇಲಿ ಏನೋ ಓದಿದ್ಯಲ್ಲ. ಹಾಡು ಕೇಳಾಕ್ ಬಂದೋರಿಗೆ ಊಟ ಹಾಕ್ಬೇಕಾದ್ದು ಯಾರು?"

"ಹಾಡು ಹಾಕಿದೋರು."

"ನಮ್ ಗದ್ದೇಲಿ ಹಾಡು ಹಾಕಿದ್ದು ಯಾರು?"

"ನಾನೇ!" ಅಂದೆ ಎದೆಯುಬ್ಬಿಸಿ. ಸತ್ಯ ಹೇಳುವುದಕ್ಕೆ ಹಿಂಜರಿಯುವ ವಂಶ ನಮ್ಮದಲ್ಲ.

ಮಾರನೇ ದಿನ ಅಮ್ಮ ರೊಟ್ಟಿ ತಟ್ಟುವ ಹೊತ್ತಿಗೆ ಮಾದಮ್ಮತ್ತೆ ಸುಮನಾಳನ್ನು ಕರೆದುಕೊಂಡು ಬಂದು ನಮ್ಮ ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.

"ಹಾಡು ಹಾಕ್ಲಾ ಪ್ರಜ್ವಲ."

"ಯಾವ್ದು ಹಾಕ್ಲಿ ಅತ್ತೆ?"

"ಹಂದಿಗೆ ಹಾಕಿದ್ದೇ ಹಾಕು. ಗಂಗಾಮಣಿ, ರೊಟ್ಟಿಗೆ ಏನ್ ಮಾಡಿದ್ದೀಯವ್ವ?"

ಅಮ್ಮ ಒಲೆ ಮುಂದಿನಿಂದಲೇ, "ಎಣ್ಗಾಯಿ ಕಣಕ್ಕ," ಅಂದುಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಇದೇನೋ ಇದು?" ಅಂದಳು. ನಾನು ಕಚೇರಿಯ ಪತ್ರ ತೋರಿಸಿದೆ. ಅಪ್ಪ ಅದನ್ನು ಎರಡು ಸಲ ಓದಿ, ಸರ್ಕಾರದ ಸೀಲ್ ಇದೆಯಲ್ಲ ಎಂದು ಒಪ್ಪಿಕೊಂಡರು. ಮೊದಲ ಹಾಡಿಗೆ ತಾಯಿ ಮಗಳು ಸೇರಿ ಬುಟ್ಟಿಯಲ್ಲಿದ್ದ ರೊಟ್ಟಿ ಮುಗಿಸಿದರು. ಎರಡನೇ ಹಾಡಿಗೆ ಅಮ್ಮ ಮತ್ತೆ ಹಿಟ್ಟು ಕಲಸಿದಳು. ಇಷ್ಟು ಆಸ್ಥೆಯಿಂದ ರುದ್ರಕಂಠರನ್ನು ಕೇಳಿದ ಮನುಷ್ಯರನ್ನು ನಾನು ಕಂಡಿರಲಿಲ್ಲ. ಫೋಟೋ ತೆಗೆದು ವೇದಿಕೆಯ ಗುಂಪಿಗೆ ಹಾಕಿದೆ.

ಹಾಕಿದ್ದೇ ತಡ, ವಸಂತ ತುರ್ತು ಸಭೆ ಕರೆಸಿದ. "ಮಾದಮ್ಮಕ್ಕ ಒಬ್ಬ ಗಾಯಕನ್ನೇ ಕೇಳೋದು ಯಾವ ನ್ಯಾಯ? ಸುಸ್ವರಾ ದೇವಿಗೂ ಒಂದ್ ಅವಕಾಶ ಕೊಡ್ಲಿ. ನಮ್ಮನೇಲಿ ಕೋಳಿಸಾರು ಮಾಡಿಸ್ತೀನಿ!"

"ಕೋಳಿಸಾರು ಮಾಡಿದ್ರೆ ಅದು ಲಂಚ ಕಣೋ!"

"ನೀನು ಎಣ್ಗಾಯಿ ಹಾಕಿದ್ದು ಏನ್ಲಾ ಮತ್ತೆ? ಭಕ್ತಿಗೀತೆನಾ?"

ಅಧ್ಯಕ್ಷರು ಇಬ್ಬರನ್ನೂ ಸುಮ್ಮನಾಗಿಸಿ ತೀರ್ಪು ಕೊಟ್ಟರು. ಬೆಳಗ್ಗೆ ರುದ್ರಕಂಠರು, ಸಂಜೆ ಸುಸ್ವರಾ ದೇವಿಯವರು, ಮಧ್ಯಾಹ್ನ ಪಿಟೀಲು ನರಹರಯ್ಯನವರು. ತಮ್ಮ ಮನೆಯಲ್ಲಿ ಹಪ್ಪಳವೂ ಇರುತ್ತದೆ ಎಂದು ಸೇರಿಸುವುದನ್ನು ಮರೆಯಲಿಲ್ಲ. ಸುಮನಾ ಎದ್ದು, "ನಮ್ಮ ಮಾವನ ಹಾಡು ಯಾರ ಮನೇಲಿ?" ಎಂದು ಕೇಳಿದಳು. ತಿಮ್ಮಯ್ಯನ ಹಾಡಿಗೆ ಊಟ ಹಾಕಲು ಯಾರೂ ಮುಂದೆ ಬಾರದ ಕಾರಣ ಅದನ್ನು ಗದ್ದೆಗಳಿಗೆ ಮೀಸಲಿಡಲಾಯಿತು. ಊರಿನಲ್ಲಿ ಉಳಿದಿದ್ದ ನಾಲ್ಕಾರು ಗದ್ದೆಗಳವರು ಆ ಹಾಡನ್ನು ಮೊಬೈಲಿಗೆ ಹಾಕಿಸಿಕೊಳ್ಳಲು ವಸಂತನ ಅಂಗಡಿ ಮುಂದೆ ಸಾಲು ನಿಂತರು. ಕಲಾವಿದನಿಗೆ ಇದು ಅವಮಾನ ಎಂದು ಕೆಲವರು ಅಂದರು. ತಿಮ್ಮಯ್ಯ ಮಾತ್ರ ಹೊಸ ಅಂಗಿ ಹೊಲಿಸಿಕೊಂಡ.

ಈಗ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿದೆ. ಎಸ್ಟೇಟಿನ ಕೂಲಿ ಲೈನಿನ ಮನೆಗಳ ಹೆಂಗಸರೂ ಒಬ್ಬೊಬ್ಬರಾಗಿ ಸಂಗೀತದ ಕಡೆ ವಾಲುತ್ತಿದ್ದಾರೆ. ಮೊನ್ನೆ ಕಚೇರಿಯ ಸಾಹೇಬರು ಸ್ಥಳ ಪರಿಶೀಲನೆಗೆ ಬಂದವರು, ಎಲ್ಲವೂ ನಿಯಮಾನುಸಾರ ಇದೆ ಎಂದು ತಿಳಿಸಿ, ಜೀಪಿನ ಡ್ರೈವರನ್ನೂ ಕೂರಿಸಿಕೊಂಡು ರುದ್ರಕಂಠರ ಮೂರು ಹಾಡು ಕೇಳಿದರು. ಅಮ್ಮ ಮೊದಮೊದಲು ಗೊಣಗುತ್ತಿದ್ದಳು. ಈಗ ದಿನಾ ಬೆಳಗ್ಗೆ ಮೊರ ಹಿಡಿದು ಬಾಗಿಲಿಗೆ ಬಂದು, "ಇವತ್ತು ಎಷ್ಟು ಹಾಡಿಗೆ ಅಕ್ಕಿ ಹಾಕ್ಲಪ್ಪಾ?" ಎಂದು ಮಾತ್ರ ಕೇಳುತ್ತಾಳೆ.